ಆರು ಮಂಗಳವಾರ

ಏಪ್ರಿಲ್ 16, ಬುಧವಾರ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಟೇಬಲ್ಲಿನ ಅಂಚು ಹಿಡಿದುಕೊಂಡು ನಿಂತೇ ದೂರು ಹೇಳತೊಡಗಿದಳು. ಅವಳ ತಂಗಿ ಟೈಲರ್. ಐದಂತಸ್ತಿನ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ಅಂಗಡಿ. ಸಂಜೆ ಐದೂವರೆಗೆ ಬಾಗಿಲು ಹಾಕಿ ಲಿಫ್ಟಿನೊಳಗೆ ಕಾಲಿಟ್ಟಿದ್ದಾಳೆ. ಲಿಫ್ಟು ಯಾವ ಮಹಡಿಯಲ್ಲೂ ನಿಲ್ಲದೆ ಜಾರಿಕೊಂಡು ಹೋಗಿ ತಳದ ಗುಂಡಿಗೆ ಬಡಿದಿದೆ. ಎರಡೂ ಕಾಲು ಮುರಿದು ಆಸ್ಪತ್ರೆಯಲ್ಲಿದ್ದಾಳೆ.

"ಯಾವತ್ತು ಆಗಿದ್ದು?" ಇನ್ಸ್‌ಪೆಕ್ಟರ್ ಕೇಳಿದರು.

"ನಿನ್ನೆ."

"ನಿನ್ನೆ ಅಂದ್ರೆ ಎಷ್ಟನೇ ತಾರೀಖು?"

ಹೆಂಗಸು ಇವರ ಮುಖವನ್ನೇ ನೋಡಿದಳು. "ನಿನ್ನೆ ಅಂದ್ರೆ ನಿನ್ನೆನೇ ಮೇಡಂ. ಇವತ್ತು ಬುಧವಾರ ಅಲ್ವಾ?"

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟು ಉಸಿರುಬಿಟ್ಟರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕಳ್ಳರಿಗಿಂತ ಹೆಚ್ಚಾಗಿ ಅವರ ತಲೆ ತಿಂದದ್ದು ನಿನ್ನೆ, ಮೊನ್ನೆ, ಹೋದ ವಾರ ಎಂಬ ಮಾತುಗಳು. ಸಾಕ್ಷಿ ಮೊನ್ನೆ ಅನ್ನುತ್ತಾನೆ, ಕಾನ್‌ಸ್ಟೇಬಲ್ ಮೊನ್ನೆ ಅಂತಲೇ ಬರೆದುಕೊಳ್ಳುತ್ತಾನೆ, ಎಂಟು ತಿಂಗಳ ಮೇಲೆ ಕೋರ್ಟಿನಲ್ಲಿ ಆ ಮೊನ್ನೆ ಯಾವುದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಾಗೆ ಒಂದು ಒಳ್ಳೆಯ ಕೇಸು ಕೈಬಿಟ್ಟು ಹೋದ ಮೇಲೆ ಅವರು ಠಾಣೆಗೊಂದು ಕಟ್ಟಪ್ಪಣೆ ಮಾಡಿದ್ದರು: ಯಾವ ಕಾಗದವಾದರೂ ಸರಿ, ತಾರೀಖಿನ ಪಕ್ಕದಲ್ಲಿ ವಾರವೂ ಇರಬೇಕು. ಮೇಡಂ ಮನೆಯಲ್ಲಿ ಹಾಲು ಹಾಕುವವನಿಗೂ ವಾರ ಕೇಳುತ್ತಾರೆ ಅಂತ ದಫೇದಾರರು ಅವರಿಲ್ಲದ ಹೊತ್ತಿನಲ್ಲಿ ನಗಾಡುವುದಿತ್ತು. ಅದು ಅವರ ಕಿವಿಗೂ ಬಿದ್ದಿತ್ತು. ನಿಜವೂ ಆಗಿದ್ದರಿಂದ ಸುಮ್ಮನಿದ್ದರು.

"ಬರೀರಿ," ಎಂದರು ಸ್ಟೇಷನ್ ರೈಟರ್‌ಗೆ. "ಏಪ್ರಿಲ್ 15, ಮಂಗಳವಾರ, ಸಂಜೆ ಐದೂವರೆ."

11 ಗಂಟೆ 15 ನಿಮಿಷಕ್ಕೆ ಎಫ್‌ಐಆರ್ ಆಯಿತು. ಆಸ್ಪತ್ರೆಯಲ್ಲಿ ಟೈಲರ್ ಎಚ್ಚರವಾಗಿದ್ದಳು. ಸೊಂಟದಿಂದ ಕೆಳಗೆ ಬರೀ ಬಿಳಿಯ ಕಟ್ಟು. ಹೇಳಿಕೆ ಕೊಟ್ಟು ಮುಗಿಸಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು.

"ಮೇಡಂ, ನಂದು ಕಾಲಲ್ಲಿ ತುಳಿಯೋ ಮೆಷಿನ್ನು. ಇದು ಯಾರ ತಪ್ಪು ಅಂತ ನಂಗೆ ಗೊತ್ತಾಗ್ಬೇಕು."

"ಗೊತ್ತು ಮಾಡ್ತೀನಿ," ಎಂದರು ಇನ್ಸ್‌ಪೆಕ್ಟರ್. ಇಂಥ ಮಾತು ಕೊಡಬಾರದು ಅಂತ ಅವರಿಗೆ ಗೊತ್ತಿತ್ತು. ಕೊಟ್ಟಾಗಿತ್ತು.

ಮಧ್ಯಾಹ್ನ 1 ಗಂಟೆಗೆ ಪಂಚನಾಮೆ. ಲಿಫ್ಟಿನ ಮೋಟಾರು ಇರುವ ಕೋಣೆ ತಾರಸಿಯ ಮೇಲಿತ್ತು. ಒಳಗೆ ಕಾಲಿಟ್ಟರೆ ಕಾದ ತಗಡಿನ ವಾಸನೆ. ಬ್ರೇಕಿನ ಪಟ್ಟಿ ಸವೆದು ಸವೆದು ಕಾಗದದಷ್ಟು ತೆಳ್ಳಗಾಗಿತ್ತು. ಜಾರಿದರೆ ತಡೆದು ಹಿಡಿಯಬೇಕಿದ್ದ ಕೊಕ್ಕೆಗೆ ತುಕ್ಕು ಕಚ್ಚಿ ಅದು ಅಲುಗಾಡುತ್ತಿರಲಿಲ್ಲ. ಗೋಡೆಗೆ ತಂತಿಯಲ್ಲಿ ಕಟ್ಟಿದ್ದ ತಪಾಸಣೆ ಕಾರ್ಡಿನಲ್ಲಿ ಕೊನೆಯ ಸಹಿ ಹಿಂದಿನ ವರ್ಷದ ಆಗಸ್ಟ್ 31ರದ್ದು. ಲಿಫ್ಟ್ ನೋಡಿಕೊಳ್ಳುವ ಕಂಪನಿ ಆರು ತಿಂಗಳಿಗೊಮ್ಮೆ ಬರಬೇಕು ಅಂತ ಕರಾರು. ಫೆಬ್ರವರಿ ಕೊನೆಗೆ ಬರಬೇಕಿದ್ದವರು ಬಂದಿರಲಿಲ್ಲ.

"ಬಂದಿದ್ರೆ ಪಟ್ಟಿ ಬದಲಾಯಿಸಿ, ಕೊಕ್ಕೆಗೆ ಎಣ್ಣೆ ಬಿಟ್ಟು ಹೋಗಿರೋರು. ಅರ್ಧ ದಿನದ ಕೆಲಸ," ಎಂದರು ದಫೇದಾರರು, ಬಗ್ಗಿ ನೋಡುತ್ತ.

ಕಂಪನಿಯ ಕಚೇರಿ ಊರಿನ ಇನ್ನೊಂದು ತುದಿಯಲ್ಲಿತ್ತು. ಮ್ಯಾನೇಜರ್ ಇವರನ್ನು ಕಾದು ಕೂತವನ ಹಾಗೆ ಬಾಗಿಲಲ್ಲೇ ಎದುರುಗೊಂಡ. ಅವನ ಕೈಯಲ್ಲಿ ಆಗಲೇ ಒಂದು ಫೈಲ್ ಇತ್ತು.

"ನಮ್ದು ಎಲ್ಲಾ ಕಂಪ್ಯೂಟರಲ್ಲೇ ಮೇಡಂ. ಯಾವ ಲಿಫ್ಟು ಯಾವಾಗ ನೋಡ್ಬೇಕು ಅಂತ ಅದೇ ಲೆಕ್ಕ ಹಾಕಿ ಮೆಕ್ಯಾನಿಕ್ ಫೋನಿಗೆ ಲಿಸ್ಟ್ ಕಳಿಸುತ್ತೆ. ಸೋಮವಾರ ಬೆಳಿಗ್ಗೆ ಅವರು ಪ್ರತಿ ಲಿಫ್ಟಿಗೂ ನೋಡಿದೀನಿ ಅಂತ ಟಿಕ್ ಹಾಕ್ಬೇಕು. ಈ ಲಿಫ್ಟು ನಮ್ಮ ಮೆಕ್ಯಾನಿಕ್ ಗ್ರೀಸಣ್ಣನ ಪಾಲಿಂದು. ನೋಡಿ, ಆರು ಸಲ ಟಿಕ್ ಹಾಕಿದಾನೆ. ಒಂದ್ಸಲನೂ ಹೋಗಿಲ್ಲ."

ಅಚ್ಚು ಹಾಕಿದ ಹಾಳೆಯಲ್ಲಿ ಲಿಫ್ಟಿನ ನಂಬರು, ಅದರ ಕೆಳಗೆ ಆರು ತಾರೀಖು, ಪ್ರತಿಯೊಂದರ ಪಕ್ಕದಲ್ಲೂ ಗಂಟೆ ನಿಮಿಷ. ಕೊನೆಯಲ್ಲಿ 'ಬಾಕಿ: 47 ದಿನ' ಎಂದಿತ್ತು. ಇನ್ಸ್‌ಪೆಕ್ಟರ್‌ಗೆ ಆ ಹಾಳೆ ನೋಡಿ ಸಮಾಧಾನವೇ ಆಯಿತು. ಮೊನ್ನೆ ಗಿನ್ನೆ ಇಲ್ಲದ, ಇಸ್ತ್ರಿ ಹಾಕಿದಂಥ ಸಾಕ್ಷ್ಯ ಸಿಗುವುದು ಅಪರೂಪ.

ಗ್ರೀಸಣ್ಣ ಐವತ್ತರ ಆಸುಪಾಸಿನವನು. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗದಷ್ಟು ಹಳೆಯದು. ಅದೇ ಸಂಜೆ ಠಾಣೆಯಲ್ಲಿ ಅವನ ವಿಚಾರಣೆ ನಡೆಯಿತು.

"ಫೆಬ್ರವರಿ ಕೊನೆಗೆ ಹೋಗ್ಬೇಕಿತ್ತು. ಯಾಕೆ ಹೋಗ್ಲಿಲ್ಲ?"

"ಲಿಸ್ಟಲ್ಲಿ ಬರ್ಲಿಲ್ಲ ಮೇಡಂ."

"ಲಿಸ್ಟಲ್ಲಿ ಬರ್ದೇ ಇದ್ರೆ ಹೋಗಲ್ವಾ?"

"ಲಿಸ್ಟಿಲ್ದೆ ಹೋದ್ರೆ ಸ್ಟೋರಲ್ಲಿ ಬ್ರೇಕ್ ಪಟ್ಟಿ ಕೊಡಲ್ಲ. ಕಟ್ಟಡದೋರು ಬೀಗ ತೆಗಿಯಲ್ಲ."

ಇನ್ಸ್‌ಪೆಕ್ಟರ್ ಹಾಳೆಯನ್ನು ಅವನ ಮುಂದೆ ತಳ್ಳಿದರು. "ಇದು?"

ಅವನು ತುಂಬಾ ಹೊತ್ತು ಓದಿದ. ತುಟಿ ಅಲುಗಾಡುತ್ತಿತ್ತು. ಜಗಳ ಮಾಡುತ್ತಾನೆ, ಆಣೆ ಇಡುತ್ತಾನೆ, ಕಂಪನಿಯವರನ್ನು ಬೈಯುತ್ತಾನೆ ಅಂತ ಅವರು ಕಾದರು. ಅವನು ಹಾಳೆಯನ್ನು ಮೆಲ್ಲಗೆ ಮಡಚಿ ವಾಪಸ್ ಕೊಟ್ಟ.

"ಟಿಕ್ ಇದೆ ಅಂದ್ಮೇಲೆ ನಾನೇ ಹಾಕಿರ್ಬೇಕು," ಅಂದ. "ಮರ್ತಿದೀನಿ ಅನ್ಸುತ್ತೆ ಮೇಡಂ."

ಏಪ್ರಿಲ್ 17, ಗುರುವಾರ, ಬೆಳಿಗ್ಗೆ 9 ಗಂಟೆಗೆ ಅವನ ದಸ್ತಗಿರಿ. ಜಾಮೀನಿಗೆ ಯಾರೂ ನಿಲ್ಲಲಿಲ್ಲ. ಕಂಪನಿ ಅವನನ್ನು ಕೆಲಸದಿಂದ ತೆಗೆದ ಪತ್ರವನ್ನು ಠಾಣೆಯ ವಿಳಾಸಕ್ಕೇ ಕಳಿಸಿ ಕೈತೊಳೆದುಕೊಂಡಿತು. ಅವನನ್ನು ಜೈಲಿಗೆ ಕಳಿಸಿ ಇನ್ಸ್‌ಪೆಕ್ಟರ್ ಬೇರೆ ಕೆಲಸಕ್ಕೆ ಕೈಹಾಕಿದರು. ಒಂದೇ ಒಂದು ವಿಷಯ ಅವರಿಗೆ ಹಿಡಿಸಿರಲಿಲ್ಲ. ಮರೆತವನು ಸಾಮಾನ್ಯವಾಗಿ ಮರೆತೆ ಅನ್ನುವುದಿಲ್ಲ.

ಏಪ್ರಿಲ್ 21, ಸೋಮವಾರ, ರೈಟರ್ ಕೇಸ್ ಡೈರಿ ಬರೆಯಲು ಕೂತ. ಹಾಳೆಯಲ್ಲಿದ್ದ ಆರು ತಾರೀಖುಗಳಿಗೆ ವಾರ ಇರಲಿಲ್ಲ.

"ಮೇಡಂ, ಇದಕ್ಕೂ ವಾರ ಹಾಕ್ಬೇಕಾ? ಅಚ್ಚಲ್ಲೇ ಇಲ್ಲ."

"ಹಾಕ್ರಿ. ಎಷ್ಟು ಸಲ ಹೇಳ್ಬೇಕು?"

ರೈಟರ್ ಗೋಡೆಯ ಕ್ಯಾಲೆಂಡರ್ ತಿರುಗಿಸುತ್ತ, ಗೊಣಗುತ್ತ ಬರೆಯತೊಡಗಿದ. "ಮಾರ್ಚ್ 4, ಮಂಗಳವಾರ. ಮಾರ್ಚ್ 11, ಮಂಗಳವಾರ. 18, ಮಂಗಳವಾರ. 25, ಮಂಗಳವಾರ. ಏಪ್ರಿಲ್ 1..."

"ಮಂಗಳವಾರ," ಎಂದರು ಇನ್ಸ್‌ಪೆಕ್ಟರ್. ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತ್ತು. "ಏಪ್ರಿಲ್ 8?"

"ಅದೂ ಮಂಗಳವಾರನೇ ಮೇಡಂ."

"ಟಿಕ್ ಹಾಕೋದು ಯಾವ ವಾರ ಅಂದಿದ್ದ ಆ ಮ್ಯಾನೇಜರ್?"

ರೈಟರ್ ಉತ್ತರ ಕೊಡುವ ಮೊದಲೇ ದಫೇದಾರರು ಟೋಪಿ ಎತ್ತಿಕೊಂಡಿದ್ದರು.

ಮರುದಿನ, ಏಪ್ರಿಲ್ 22ರ ಮಂಗಳವಾರ, ಬೆಳಿಗ್ಗೆ 10ಕ್ಕೆ ಅವರು ಮತ್ತೆ ಕಂಪನಿಯಲ್ಲಿದ್ದರು. ಮ್ಯಾನೇಜರ್ ಈ ಸಲ ಬಾಗಿಲಿಗೆ ಬರಲಿಲ್ಲ. ಬದಲಿಗೆ ಒಳಗಿನ ಕೋಣೆ ತೋರಿಸಿ, "ಅದೆಲ್ಲಾ ನಮ್ಮ ಮೇಷ್ಟ್ರಿಗೇ ಗೊತ್ತು," ಅಂದ.

ಮೇಷ್ಟ್ರು ಅಂದರೆ ಕಂಪನಿಯ ಕಂಪ್ಯೂಟರ್ ನೋಡಿಕೊಳ್ಳುವವರು. ಹಿಂದೆ ಎಲ್ಲೋ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು; ಹೆಸರು ಹಾಗೇ ಉಳಿದಿತ್ತು. ಐವತ್ತೈದರ ತೆಳ್ಳಗಿನ ಮನುಷ್ಯ, ಒತ್ತಿ ಬಾಚಿದ ತಲೆ, ಎದುರಿನವರು ದಡ್ಡರಿದ್ದರೂ ತೊಂದರೆಯಿಲ್ಲ ಅನ್ನುವಂಥ ತಾಳ್ಮೆಯ ದನಿ. ಆ ದನಿ ಕೇಳಿಯೇ ಇನ್ಸ್‌ಪೆಕ್ಟರ್‌ಗೆ ಮೈ ಉರಿಯಿತು.

"ಗ್ರೀಸಣ್ಣ ಮಾರ್ಚ್ 3ನೇ ತಾರೀಖು ಸೋಮವಾರ ನೋಡಿದ ಲಿಸ್ಟ್ ಕೊಡಿ."

"ಆ ಲಿಸ್ಟ್ ಇಲ್ಲ ಮೇಡಂ."

"ಅಳಿಸಿದ್ದೀರಾ?"

"ಇಟ್ಟೇ ಇರಲ್ಲ. ಅರ್ಥವಾಗೋ ಹಾಗೆ ಹೇಳ್ತೀನಿ ನೋಡಿ. ಲಿಸ್ಟ್ ಅನ್ನೋದು ಬರೆದಿಟ್ಟ ಕಾಗದ ಅಲ್ಲ. ಅದೊಂದು ಪ್ರಶ್ನೆ. ನಾವು ಕ್ವೆರಿ ಅಂತೀವಿ. ಫೋನ್ ತೆಗೆದಾಗೆಲ್ಲ ಅದು ಡೇಟಾಬೇಸನ್ನ ಕೇಳುತ್ತೆ: ಹಿಂದಿನ ತಪಾಸಣೆಗೆ ಆರು ತಿಂಗಳು ಸೇರಿಸಿದ್ರೆ ಯಾವ್ಯಾವ ಲಿಫ್ಟಿನ ಗಡುವು ಇವತ್ತಿಗೆ ಬಂತು? ಇವತ್ತು ಅನ್ನೋದು ದಿನಾ ಬದಲಾಗುತ್ತೆ. ಉತ್ತರನೂ ಬದಲಾಗುತ್ತೆ."

"ಅಂದ್ರೆ ಆವತ್ತು ಏನು ತೋರಿಸ್ತು ಅಂತ ಯಾರಿಗೂ ಗೊತ್ತಿಲ್ಲ."

"ಗೊತ್ತು ಮಾಡಬಹುದು." ಮೇಷ್ಟ್ರು ಕೀಲಿಮಣೆ ಎಳೆದುಕೊಂಡರು. "ಇವತ್ತು ಅಂದ್ರೆ ಮಾರ್ಚ್ 3 ಅಂತ ಇದಕ್ಕೆ ಹೇಳ್ತೀನಿ. ಅಲ್ಲಿವರೆಗಿನ ತಪಾಸಣೆಗಳನ್ನಷ್ಟೇ ಹಿಡಿಯೋಣ. ನೋಡಿ."

ಪರದೆಯ ಮೇಲೆ ಎಲ್ಲ ಮೆಕ್ಯಾನಿಕ್‌ಗಳದ್ದೂ ಸೇರಿ ಹದಿನಾಲ್ಕು ಲಿಫ್ಟುಗಳ ಪಟ್ಟಿ ಬಂತು. ಹನ್ನೆರಡನೆಯದು ಟೈಲರ್ ಕಟ್ಟಡದ್ದು. ಬಾಕಿ: 3 ದಿನ.

"ಬಂದಿತ್ತಲ್ಲ," ಎಂದರು ಮೇಷ್ಟ್ರು, ಮೃದುವಾಗಿ.

"ಮತ್ತೆ ಟಿಕ್ ಯಾಕೆ ಮಂಗಳವಾರ?"

ಅರೆಗಳಿಗೆ ಮಾತ್ರ. ಮೇಷ್ಟ್ರ ಬೆರಳು ಕೀಲಿಯ ಮೇಲೆ ನಿಂತು ಮತ್ತೆ ಹೊರಟಿತು. "ಸೋಮವಾರ ಮರ್ತು ಮಾರನೇ ದಿನ ಹಾಕಿರಬಹುದು. ಗ್ರೀಸಣ್ಣನ ವಿಷಯ ನಿಮಗೆ ಗೊತ್ತಿಲ್ಲ."

"ಅವನ ಬೇರೆ ಲಿಫ್ಟುಗಳ ಟಿಕ್ ತೋರಿಸಿ."

ಎಲ್ಲವೂ ಸೋಮವಾರ. ಮಾರ್ಚ್ 3, 10, 17, ಒಂದೂ ತಪ್ಪಿಲ್ಲ. ಒಬ್ಬನೇ ಮನುಷ್ಯ ಸೋಮವಾರ ಬೆಳಿಗ್ಗೆ ಉಳಿದೆಲ್ಲಕ್ಕೂ ಟಿಕ್ ಹಾಕಿ, ಇದೊಂದಕ್ಕೆ ಮಾತ್ರ ಮರುದಿನದವರೆಗೆ ಕಾದಿದ್ದ. ಅದೂ ಆರು ಸಲ. ಮೇಷ್ಟ್ರು ಇದಕ್ಕೆ ಏನೋ ಹೇಳಿದರು. ಫೋನು, ನೆಟ್‌ವರ್ಕು, ತಡವಾಗಿ ತಲುಪುವುದು ಎಂಬ ಮಾತುಗಳೆಲ್ಲ ಅದರಲ್ಲಿದ್ದವು. ಇನ್ಸ್‌ಪೆಕ್ಟರ್‌ಗೆ ತಲೆ ಚಿಟ್ಟು ಹಿಡಿಯಿತು. ಮೂರು ಗಂಟೆ ಕೂತು ಕೇಳಿದರೂ ಈ ಮನುಷ್ಯನ ಹತ್ತಿರ ಪ್ರತಿಯೊಂದಕ್ಕೂ ಉತ್ತರವಿತ್ತು. ಆ ಉತ್ತರವನ್ನೆಲ್ಲ ಕೊಡುವ ಕಂಪ್ಯೂಟರ್ ಕೂಡ ಈ ಮನುಷ್ಯನ ಕೈಯಲ್ಲೇ ಇತ್ತು.

"ಕಳ್ಳನ ಮನೆ ಜಪ್ತಿಗೆ ಹೋಗಿ ಕಳ್ಳನಿಗೇ ದೀಪ ಹಿಡಿ ಅಂತ ಹೇಳಿದ ಹಾಗಾಯ್ತು," ಎಂದು ಹೊರಗೆ ಬಂದು ದಫೇದಾರರ ಮೇಲೆ ಹರಿಹಾಯ್ದರು. "ಈ ಕಚೇರಿಯಲ್ಲಿ ಕಾಗದ ಅನ್ನೋದು ಎಲ್ಲೂ ಇಲ್ವೇನ್ರೀ?"

ದಫೇದಾರರು ಬೈಸಿಕೊಂಡು ಅಭ್ಯಾಸವಿದ್ದವರು. "ಕೆಳಗೆ ಸ್ಟೋರಲ್ಲಿ ಒಂದು ದಪ್ಪ ಪುಸ್ತಕ ನೋಡ್ದೆ ಮೇಡಂ," ಅಂದರು.

ಸ್ಟೋರ್ ನೆಲಮಾಳಿಗೆಯಲ್ಲಿತ್ತು. ಅದನ್ನು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಸ್ಟೋರಕ್ಕ ಅನ್ನುತ್ತಿದ್ದರು. ಕಿಟಕಿಯ ಸರಳಿನ ಹಿಂದೆ, ಗ್ರೀಸ್ ಡಬ್ಬಿಗಳ ಸಾಲಿನ ನಡುವೆ ಕೂತಿದ್ದಳು. ಅವಳ ರಿಜಿಸ್ಟರ್ ಬಟ್ಟೆ ಹೊದಿಸಿದ್ದು, ಕೈಬರಹದ್ದು.

"ಕಂಪ್ಯೂಟರ್ ಇರುವಾಗ ಇದ್ಯಾಕಮ್ಮ?"

"ಮೇಷ್ಟ್ರೂ ಹಾಗೇ ಅಂತಾರೆ. ಕಂಪ್ಯೂಟರಿಗೆ ಡಬ್ಬಿ ಕಡಿಮೆ ಬಿದ್ರೆ ಯಾರೂ ಬೈಯಲ್ಲ, ನಂಗೆ ಬೈತಾರೆ." ಸ್ಟೋರಕ್ಕ ಕನ್ನಡಕ ಏರಿಸಿಕೊಂಡಳು. "ಸೋಮವಾರ ಎಂಟು ಗಂಟೆಗೆ ಪರದೆಯಲ್ಲಿ ಒಟ್ಟು ಎಷ್ಟು ಲಿಫ್ಟು ಅಂತ ಬರುತ್ತೆ. ಅದನ್ನ ಬರ್ಕೊಂಡು, ಲಿಫ್ಟಿಗೊಂದು ಬ್ರೇಕ್ ಪಟ್ಟಿ, ಒಂದು ಡಬ್ಬಿ ತೆಗೆದಿಡ್ತೀನಿ."

"ಮಾರ್ಚ್ 3ನೇ ತಾರೀಖು ತೆಗೀರಿ."

ಸ್ಟೋರಕ್ಕ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದಳು. ಮಾರ್ಚ್ 3, ಸೋಮವಾರ. ಅವಳು ವಾರವನ್ನೂ ಬರೆದಿದ್ದಳು. ಇನ್ಸ್‌ಪೆಕ್ಟರ್‌ಗೆ ಅವಳನ್ನು ಅಪ್ಪಿಕೊಳ್ಳುವಷ್ಟು ಪ್ರೀತಿ ಬಂತು. ಅದರ ಮುಂದೆ ನೀಲಿ ಶಾಯಿಯಲ್ಲಿದ್ದ ಅಂಕಿ: 11.

ಮೇಲೆ ಪರದೆ ಹದಿನಾಲ್ಕು ಅಂದಿತ್ತು.

ರಿಜಿಸ್ಟರಿಗೆ ಅಲ್ಲೇ ಜಪ್ತಿ ಪಂಚನಾಮೆ ಆಯಿತು. ಸ್ಟೋರಕ್ಕ ರಸೀದಿ ಪಡೆಯದೆ ಪುಸ್ತಕ ಬಿಡಲಿಲ್ಲ. ಹನ್ನೊಂದು ಡಬ್ಬಿ ಹೋದ ಕಟ್ಟಡಗಳನ್ನು ಪರದೆಯ ಪಟ್ಟಿಯಿಂದ ಒಂದೊಂದಾಗಿ ಹೊಡೆದುಹಾಕಿದರೆ ಮೂರು ಉಳಿದವು. ಒಂದು ಟೈಲರ್ ಕಟ್ಟಡ. ಇನ್ನೆರಡು ಬೇರೆ ಮೆಕ್ಯಾನಿಕ್‌ಗಳ ಪಾಲಿನವು.

ಏಪ್ರಿಲ್ 23, ಬುಧವಾರ, ಇನ್ಸ್‌ಪೆಕ್ಟರ್ ಮತ್ತು ದಫೇದಾರರು ಆ ಎರಡು ಕಟ್ಟಡಗಳ ತಾರಸಿ ಹತ್ತಿದರು. ಲಿಫ್ಟ್ ಇದ್ದರೂ ಮೆಟ್ಟಿಲಲ್ಲೇ ಹತ್ತಿದರು. ಮೊದಲನೆಯ ಕಾರ್ಡಿನಲ್ಲಿ ಆಗಸ್ಟ್ 30, ಅದರ ಕೆಳಗೆ ಏಪ್ರಿಲ್ 16. ಎರಡನೆಯದರಲ್ಲಿ ಆಗಸ್ಟ್ 29, ಕೆಳಗೆ ಏಪ್ರಿಲ್ 17.

ಮೊದಲ ಕಾರ್ಡಿಗೆ ಸಹಿ ಹಾಕಿದವನನ್ನು ಎಲ್ಲರೂ ಕುಳ್ಳ ಅನ್ನುತ್ತಿದ್ದರು. ಅವನು ಇನ್ನೊಂದು ಲಿಫ್ಟಿನ ಮೋಟಾರಿನ ಹಿಂದೆ ಕೆಲಸದಲ್ಲಿದ್ದ. ಪೊಲೀಸರನ್ನು ನೋಡಿ ಕೈಯಲ್ಲಿದ್ದ ಬೋಲ್ಟ್ ಬಿಗಿಯುವ ಪಾನಾ ಬೀಳಿಸಿದ.

"ಏಪ್ರಿಲ್ 16ಕ್ಕೆ ಯಾಕೆ ಹೋದೆ?"

"ಲಿಸ್ಟಲ್ಲಿ ಬಂತು ಮೇಡಂ."

"ಯಾವಾಗ ಬಂತು?"

"ಆವತ್ತೇ ಬೆಳಿಗ್ಗೆ." ಅವನು ಬೆವರು ಒರೆಸಿಕೊಂಡ. "ಬಾಕಿ ನಲವತ್ತೇಳು ದಿನ ಅಂತ ಕೆಂಪಗೆ ತೋರಿಸ್ತು. ಗ್ರೀಸಣ್ಣನ ಲಿಫ್ಟ್ ಬಿದ್ದಿದ್ದು ಹಿಂದಿನ ಸಂಜೆನೇ ಗೊತ್ತಾಗಿತ್ತು."

"ಸೋಮವಾರ ಇರ್ಲಿಲ್ವಾ?"

"ಇತ್ತೇನೋ, ನಾನೇ ನೋಡ್ಲಿಲ್ವೇನೋ ಅಂದ್ಕೊಂಡೆ. ಯಾರಿಗೂ ಹೇಳ್ದೆ ಓಡಿ ಹೋಗಿ ಕೆಲಸ ಮುಗಿಸ್ದೆ. ಹೇಳಿದ್ರೆ ನನ್ನ ಕೆಲಸನೂ ಹೋಗ್ತಿತ್ತು."

"ಏನಪ್ಪಾ, ಏಳು ವಾರ ಕಣ್ಣಿಗೆ ಬೀಳದೇ ಇರೋ ಲಿಫ್ಟು ಒಂದು ಬೆಳಿಗ್ಗೆ ದಿಢೀರಂತ ಬಂದ್ರೆ ಕಂಪ್ಯೂಟರ್ ಮೇಲೆ ಅನುಮಾನ ಬರ್ಲಿಲ್ವಾ?"

ಕುಳ್ಳ ತಲೆ ಕೆರೆದುಕೊಂಡ. "ಕಂಪ್ಯೂಟರ್ ಮೇಲೆ ಹ್ಯಾಗೆ ಮೇಡಂ ಅನುಮಾನ ಪಡೋದು?"

ಎರಡನೆಯ ಮೆಕ್ಯಾನಿಕ್ಕೂ ಅದೇ ಕತೆ ಹೇಳಿದ, ಹೆಚ್ಚುಕಡಿಮೆ ಅದೇ ಮಾತಿನಲ್ಲಿ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಉಣ್ಣುವವರು. ಆದರೂ ಒಬ್ಬನಿಗೊಬ್ಬ ಬಾಯಿ ಬಿಟ್ಟಿರಲಿಲ್ಲ. ಜೀಪಿನಲ್ಲಿ ಇನ್ಸ್‌ಪೆಕ್ಟರ್ ಹಲ್ಲು ಕಚ್ಚಿಕೊಂಡು ಕೂತಿದ್ದರು. ಆ ಇಬ್ಬರ ಮೇಲಿನ ಸಿಟ್ಟು ನಿಧಾನವಾಗಿ ತಮ್ಮ ಮೇಲೇ ತಿರುಗುತ್ತಿತ್ತು. ಅಚ್ಚಾದ ಹಾಳೆ ನೋಡಿ ಸಮಾಧಾನಪಟ್ಟವರು ಅವರೂ ಹೌದಲ್ಲ.

ಏಪ್ರಿಲ್ 24, ಗುರುವಾರ, ಬೆಳಿಗ್ಗೆ 8 ಗಂಟೆಗೆ ಸೈಬರ್ ವಿಭಾಗದ ಎಸ್‌ಐ ಕಂಪನಿಯ ಯಂತ್ರಗಳನ್ನು ವಶಕ್ಕೆ ತೆಗೆದುಕೊಂಡರು. ನೆಗಡಿಯಾಗಿ ಮೂಗು ಕೆಂಪಾಗಿದ್ದ ಆ ಮನುಷ್ಯ ಮಧ್ಯಾಹ್ನದ ಹೊತ್ತಿಗೆ ಠಾಣೆಗೆ ಬಂದು, ಇನ್ಸ್‌ಪೆಕ್ಟರ್ ಎದುರು ಲ್ಯಾಪ್‌ಟಾಪ್ ಬಿಚ್ಚಿ ಐದು ನಿಮಿಷ ಮಾತಾಡಿದರು. ಇನ್ಸ್‌ಪೆಕ್ಟರ್ ಕೈ ಎತ್ತಿದರು.

"ನನಗೆ ಹೇಳೋ ಹಾಗೆ ಹೇಳ್ಬೇಡಿ. ದಫೇದಾರರಿಗೆ ಹೇಳೋ ಹಾಗೆ ಹೇಳಿ."

ದಫೇದಾರರು ಇದನ್ನು ಮರ್ಯಾದೆ ಅಂತಲೇ ತೆಗೆದುಕೊಂಡು ಮುಂದೆ ಬಾಗಿದರು. ಎಸ್‌ಐ ಗೋಡೆಯಿಂದ ಕ್ಯಾಲೆಂಡರ್ ಇಳಿಸಿದರು.

"ಜನವರಿವರೆಗೆ ಇವರು ತಪಾಸಣೆಯಿಂದ ನೂರೆಂಬತ್ತು ದಿನ ಎಣಿಸ್ತಿದ್ರು. ಕರಾರಲ್ಲಿ ಆರು ತಿಂಗಳು ಅಂತಿದೆ, ಎರಡು ಮೂರು ದಿನ ಮುಂಚೆನೇ ಹೋಗ್ತಿದೀವಿ ಅಂತ ಮ್ಯಾನೇಜರ್ ತಕರಾರು ತೆಗೆದ. ಮೇಷ್ಟ್ರು ಕ್ವೆರಿ ಬದಲಾಯಿಸಿದ್ರು. ಹೇಗೆ? ತಿಂಗಳಿನ ನಂಬರಿಗೆ ಆರು ಸೇರಿಸೋದು, ದಿನ ಹಾಗೇ ಇಡೋದು. ಆಗಸ್ಟ್ 20ಕ್ಕೆ ಆರು ತಿಂಗಳು ಸೇರಿಸಿದ್ರೆ?"

"ಫೆಬ್ರವರಿ 20," ಎಂದರು ದಫೇದಾರರು.

"ಆಗಸ್ಟ್ 31ಕ್ಕೆ?"

"ಫೆಬ್ರವರಿ ಮೂವತ್ತ..." ದಫೇದಾರರ ಬಾಯಿ ತೆರೆದೇ ಉಳಿಯಿತು. ಕ್ಯಾಲೆಂಡರಿನ ಫೆಬ್ರವರಿ ಪುಟ 28ಕ್ಕೆ ಮುಗಿದಿತ್ತು.

"ಅಂಥ ತಾರೀಖು ಇಲ್ಲ. ಇಲ್ಲದ ತಾರೀಖು ಬಂದ್ರೆ ಖಾಲಿ ಬಿಡು ಅಂತ ಯಂತ್ರಕ್ಕೆ ಇವರೇ ಹೇಳಿಟ್ಟಿದ್ರು. ಖಾಲಿ ಅನ್ನೋದು ಇವತ್ತಿಗಿಂತ ಹಿಂದೂ ಅಲ್ಲ, ಮುಂದೂ ಅಲ್ಲ. ಹಾಗಾಗಿ ಆ ಲಿಫ್ಟು ಯಾವ ಸೋಮವಾರದ ಲಿಸ್ಟಿಗೂ ಬರಲ್ಲ. 29, 30, 31, ಮೂರು ದಿನದ ಮೂರು ಲಿಫ್ಟು."

"ಈಗ ಹೇಗೆ ಬರ್ತಿದೆ?" ಇನ್ಸ್‌ಪೆಕ್ಟರ್ ಕೇಳಿದರು.

"ಕ್ವೆರಿ ತಿದ್ದಿದಾರೆ. ಆ ದಿನ ಇಲ್ದಿದ್ರೆ ತಿಂಗಳ ಕೊನೇ ದಿನ ತಗೋ ಅಂತ. ತಿದ್ದಿದ್ದು ಏಪ್ರಿಲ್ 15, ಸಂಜೆ 7:48. ಹಳೇದು ಬ್ಯಾಕಪ್‌ನಲ್ಲಿ ಸಿಕ್ತು. ಟಿಕ್ ಸೇರಿಸಿದ್ದು 8:10ಕ್ಕೆ. ಆರೂ ಒಂದೇ ಏಟಿಗೆ." ಎಸ್‌ಐ ಮೂಗು ಒರೆಸಿಕೊಂಡರು. "ಒಂದೊಂದೇ ತಾರೀಖು ಬರೆದಿದ್ರೆ ಬಚಾವಾಗ್ತಿದ್ರೇನೋ. ಕೈ ಅಭ್ಯಾಸ ನೋಡಿ. ಇವತ್ತಿಂದ ಏಳು ದಿನ ಹಿಂದೆ, ಹದಿನಾಲ್ಕು ದಿನ ಹಿಂದೆ, ಇಪ್ಪತ್ತೊಂದು ದಿನ ಹಿಂದೆ ಅಂತ ಯಂತ್ರಕ್ಕೇ ಲೆಕ್ಕ ಹಾಕೋಕೆ ಹೇಳಿದಾರೆ. ಆವತ್ತು..."

"ಮಂಗಳವಾರ," ಎಂದರು ಇನ್ಸ್‌ಪೆಕ್ಟರ್, ದಫೇದಾರರು ಮತ್ತು ರೈಟರ್, ಮೂವರೂ ಒಟ್ಟಿಗೆ.

ಮಧ್ಯಾಹ್ನ 3 ಗಂಟೆಗೆ ಮೇಷ್ಟ್ರನ್ನು ಅವರ ಮೇಜಿನಿಂದಲೇ ಕರೆತಂದರು. ಠಾಣೆಯಲ್ಲಿ ಅವರು ಮೊದಲು ನೀರು ಕೇಳಿದರು. ಇನ್ಸ್‌ಪೆಕ್ಟರ್ ಸ್ಟೋರಿನ ರಿಜಿಸ್ಟರ್, ಎರಡು ಕಾರ್ಡು, ಬ್ಯಾಕಪ್‌ನ ಹಳೆಯ ಕ್ವೆರಿಯ ಅಚ್ಚು, ಎಲ್ಲವನ್ನೂ ಸಾಲಾಗಿ ಇಟ್ಟರು. ಮೇಷ್ಟ್ರು ಕೊನೆಯದನ್ನು ಮಾತ್ರ ಎತ್ತಿಕೊಂಡು ಓದಿದರು. ಬೇರೆ ಯಾರೋ ಹುಡುಗನ ಉತ್ತರ ಪತ್ರಿಕೆ ತಿದ್ದುವವರ ಹಾಗೆ ಹುಬ್ಬು ಗಂಟಿಕ್ಕಿತ್ತು.

"ನಾನು ಪಾಠ ಮಾಡ್ತಿದ್ದಾಗ ಮೊದಲನೇ ತಿಂಗಳಲ್ಲೇ ಹೇಳಿಕೊಡ್ತಿದ್ದ ತಪ್ಪು ಇದು," ಎಂದರು.

"ಯಾವಾಗ ಗೊತ್ತಾಯ್ತು?"

"15ನೇ ತಾರೀಖು. ಲಿಫ್ಟ್ ಬಿದ್ದ ಸುದ್ದಿ ಬಂದ ಮೇಲೆ ತೆಗೆದು ನೋಡ್ದೆ. ಗಡುವಿನ ಜಾಗ ಖಾಲಿ ಇತ್ತು."

"ಕ್ವೆರಿ ಯಾಕೆ ತಿದ್ದಿದ್ರಿ? ಮುಚ್ಚಿಹಾಕೋಕಾ?"

"ಇನ್ನೂ ಎರಡು ಲಿಫ್ಟ್ ಇದ್ದವು ಮೇಡಂ. ಜನ ಓಡಾಡ್ತಿದ್ರು. ಅದನ್ನ ಬಿಡೋಕಾಗುತ್ತಾ?"

ಇದು ನಿಜವೆಂದು ಇನ್ಸ್‌ಪೆಕ್ಟರ್‌ಗೆ ಅನ್ನಿಸಿತು. ಅದಕ್ಕೇ ಅವರಿಗೆ ಇನ್ನಷ್ಟು ರೇಗಿತು. "ಅಷ್ಟು ಒಳ್ಳೆ ಬುದ್ಧಿ ಇದ್ದೋರು ಅಲ್ಲಿಗೇ ನಿಲ್ಲಿಸಬೇಕಿತ್ತು. ತಪ್ಪಾಯ್ತು ಅಂದಿದ್ರೆ ಕೆಲಸ ಹೋಗ್ತಿತ್ತೇನೋ. ಇಪ್ಪತ್ತೆರಡು ನಿಮಿಷ ಬಿಟ್ಟು ಒಬ್ಬ ಬಡಪಾಯಿ ಮೇಲೆ ಆರು ಟಿಕ್ ಹಾಕಿದ್ರಲ್ಲ, ಯಾಕೆ?"

ಮೇಷ್ಟ್ರು ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತರು. ಹೊರಗೆ ಯಾರೋ ಕಳೆದುಹೋದ ಸೈಕಲ್ಲಿನ ದೂರು ಹೇಳುತ್ತಿದ್ದರು.

"ಅವನು ನನ್ನ ಕೇಳಿದ್ದ," ಅಂದರು ಕೊನೆಗೆ.

"ಯಾರು? ಏನಂತ?"

"ಗ್ರೀಸಣ್ಣ. ಮಾರ್ಚ್ 10, ಸೋಮವಾರ. ಸ್ಟೋರಿನ ಮುಂದೆ ಎಲ್ಲರೂ ನಿಂತಿದ್ವಿ. 'ಮೇಷ್ಟ್ರೇ, ಆ ಟೈಲರಮ್ಮನ ಕಟ್ಟಡ ಇನ್ನೂ ಬಂದಿಲ್ವಲ್ಲ, ಒಂದ್ಸಲ ನೋಡ್ತೀರಾ' ಅಂದ. 'ನಿನಗಿಂತ ಕಂಪ್ಯೂಟರಿಗೆ ಚೆನ್ನಾಗಿ ಲೆಕ್ಕ ಬರುತ್ತೆ, ನೀನು ಗ್ರೀಸ್ ಹಚ್ಚು' ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ." ಮೇಷ್ಟ್ರ ದನಿಯ ತಾಳ್ಮೆ ಎಲ್ಲೋ ಉದುರಿಹೋಗಿತ್ತು. "ತೆಗೆದು ನೋಡಿದ್ರೆ ಎರಡು ನಿಮಿಷ. ತಪ್ಪು ಮಾಡಿದೆ ಅನ್ನೋದನ್ನ ಹೇಳ್ಕೋಬಹುದಿತ್ತು ಮೇಡಂ. ಅವನು ಹೇಳಿದ್ದ, ನಾನು ನಗೆಯಾಡಿ ಕಳಿಸಿದ್ದೆ ಅನ್ನೋದನ್ನ ಹೇಳ್ಕೊಳ್ಳೋಕಾಗ್ಲಿಲ್ಲ. ಅದಕ್ಕೇ ಅವನ ಮಾತನ್ನ ಯಾರೂ ನಂಬದ ಹಾಗೆ ಮಾಡ್ಬೇಕಿತ್ತು."

ರೈಟರ್ ಬರೆದುಕೊಂಡ. ಸುಳ್ಳು ಸಾಕ್ಷ್ಯ ಸೃಷ್ಟಿಸಿದ್ದಕ್ಕೂ ನಿರ್ಲಕ್ಷ್ಯಕ್ಕೂ ಮೇಷ್ಟ್ರ ದಸ್ತಗಿರಿ: ಏಪ್ರಿಲ್ 24, ಗುರುವಾರ, ಸಂಜೆ 5 ಗಂಟೆ 10 ನಿಮಿಷ. ಸಹಿ ಹಾಕುವಾಗ ಅವರು ಹೇಳಿಕೆಯಲ್ಲಿದ್ದ ಎರಡು ಕಾಗುಣಿತದ ತಪ್ಪು ತಿದ್ದಿದರು. ಆಮೇಲೆ ಅದಕ್ಕೆ ನಾಚಿಕೊಂಡು ಪೆನ್ನು ವಾಪಸ್ ಕೊಟ್ಟರು.

ಮರುದಿನ ಶುಕ್ರವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಮೊದಲು ಆಸ್ಪತ್ರೆಗೆ ಹೋಗಿ ಟೈಲರಿಗೆ ಎಲ್ಲವನ್ನೂ ಹೇಳಿದರು. ಅವಳು ಕಣ್ಣು ಮುಚ್ಚಿ ಕೇಳಿದಳು. ಇಲ್ಲದ ತಾರೀಖು ಎಂಬ ಮಾತನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ, ಆ ಮೆಕ್ಯಾನಿಕ್ಕನ್ನು ಬಿಟ್ಟರಾ ಅಂತ ಕೇಳಿದಳು.

ಕೋರ್ಟಿನ ಆದೇಶ ಜೈಲಿಗೆ ತಲುಪಿದ್ದು 12:30ಕ್ಕೆ. ಗ್ರೀಸಣ್ಣ ಕೈಚೀಲ ಹಿಡಿದು ಹೊರಬಂದ. ಎಂಟು ದಿನಕ್ಕೆ ಎಂಟು ವರ್ಷ ವಯಸ್ಸಾದವನ ಹಾಗೆ ಇಳಿದುಹೋಗಿದ್ದ. ಇನ್ಸ್‌ಪೆಕ್ಟರ್ ಗೇಟಿನ ಪಕ್ಕ ನಿಂತಿದ್ದರು. ಏನು ಹೇಳಬೇಕೆಂದು ಜೀಪಿನಲ್ಲಿ ಜೋಡಿಸಿಕೊಂಡು ಬಂದದ್ದು ಆ ಮುಖ ನೋಡಿ ಕಲಸಿಹೋಯಿತು.

"ಮೇಷ್ಟ್ರನ್ನ ಕೇಳಿದ್ರಂತೆ ನೀವು, ಮಾರ್ಚಲ್ಲಿ. ಅದನ್ನ ಯಾಕೆ ನನಗೆ ಹೇಳ್ಲಿಲ್ಲ?"

"ಟಿಕ್ ತೋರಿಸಿದ್ರಲ್ಲ ಮೇಡಂ ನೀವು. ಅದನ್ನ ನೋಡಿದ್ಮೇಲೆ, ಕೇಳಿದ್ದೂ ಕನಸೇನೋ ಅನ್ನಿಸ್ತು. ವಯಸ್ಸಾಯ್ತು, ಮರೆವು ಬಂತು ಅಂದ್ಕೊಂಡೆ. ಒಳಗೆ ಅದೇ ಲೆಕ್ಕ. ಇನ್ನೆಷ್ಟು ಲಿಫ್ಟ್ ಮರ್ತಿದೀನಿ ಅಂತ."

"ನೀವು ಮರ್ತಿರ್ಲಿಲ್ಲ."

ಅವನು ಚೀಲವನ್ನು ಕೆಳಗಿಟ್ಟ. "ಏನಂದ್ರಿ?"

"ಲಿಸ್ಟಲ್ಲಿ ಬಂದೇ ಇರ್ಲಿಲ್ಲ. ಟಿಕ್ ನಿಮ್ದಲ್ಲ. ನೀವು ಯಾವ್ದನ್ನೂ ಮರ್ತಿರ್ಲಿಲ್ಲ. ತಪ್ಪು ನಂದೂ ಇದೆ, ಪರೀಕ್ಷೆ ಮಾಡ್ದೆ ಆ ಹಾಳೆ ನಂಬಿದೆ."

ಗ್ರೀಸಣ್ಣ ಗೇಟಿನ ಕಟ್ಟೆಯ ಮೇಲೆ ಕುಸಿದು ಕೂತು, ಕಪ್ಪು ಉಗುರಿನ ಕೈಗಳಲ್ಲಿ ಮುಖ ಮುಚ್ಚಿಕೊಂಡ. ದಫೇದಾರರು ಬೇರೆ ಕಡೆ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಅವನು ಜೇಬಿನಿಂದ ಫೋನು ತೆಗೆದು, ನಂಬರು ಒತ್ತಿ, ಅತ್ತ ಕಡೆ ಹಲೋ ಅನ್ನುತ್ತಲೇ ಇನ್ಸ್‌ಪೆಕ್ಟರ್ ಕಡೆ ಚಾಚಿದ.

"ನನ್ನ ಹೆಂಡತಿ. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದಾನೆ ಅನ್ಕೋತಾಳೆ. ಈಗ ಅಂದ್ರಲ್ಲ, ಅದನ್ನೇ ಒಂದ್ಸಲ ಅವಳಿಗೂ ಹೇಳ್ತೀರಾ?"

ಇನ್ಸ್‌ಪೆಕ್ಟರ್ ಫೋನು ತೆಗೆದುಕೊಂಡರು. "ಅಮ್ಮಾ," ಎಂದರು, "ನಿಮ್ಮನೆಯವರು ಏನೂ ಮರ್ತಿರ್ಲಿಲ್ಲ."